ಕಾಯಿ ತುರಿ ಅಂದರೆ ಕೈ ತುರಿಸಿತು

ನನ್ನ ಹೆಂಡತಿಯ ತಮ್ಮ ಷಡಕ್ಷರಿಗೆ ತಲೆ ಇದೆ. ಅದೇ ನಮ್ಮ ಮನೆಯ ಕಷ್ಟ.

ತಿಪಟೂರಿನಲ್ಲಿ ನಮ್ಮದೊಂದು ಊಟದ ಮೆಸ್ಸು. ಹೆಂಡತಿ ಸರ್ವಮಂಗಳ ಅಡುಗೆ ಮಾಡಿ ತಾನೇ ಬಡಿಸುತ್ತಾಳೆ. ಅವಳ ಅಂಗೈಗೆ ಇಸುಬು ಹತ್ತಿ ಕೆಂಪಾದಾಗಿನಿಂದ ಗಿರಾಕಿಗಳು ಅನ್ನ ನೋಡುವುದು ಬಿಟ್ಟು ಕೈ ನೋಡಿ, ಎದುರು ಹೋಟೆಲಿಗೆ ಹೊರಟರು. ‘ಇಸುಬು ಅಂಟುರೋಗವಲ್ಲ’ ಎಂದು ಬೋರ್ಡು ಬರೆಸಿದೆ. ಅದನ್ನೋದಿ ಇನ್ನಷ್ಟು ಜನ ಹೋದರು. ಮೆಸ್ಸು ಮುಚ್ಚುವುದೊಂದೇ ಬಾಕಿ.

ಅಂಥ ಹೊತ್ತಿಗೆ ಷಡಕ್ಷರಿ ತಾನೇ ಕಂಡುಹಿಡಿದ ಔಷಧಿಯ ಡಬ್ಬಿ ಹಿಡಿದು ಬಂದ.

“ಅಕ್ಕ, ಇದು ಮಾತು ಕೇಳೋ ಜೆಲ್ಲು. ಲೋಳೆಸರ, ಬೇವು, ಹೊಂಗೆ ಸಾರದೊಳಗೆ ಕಣ್ಣಿಗೆ ಕಾಣದ ಯಂತ್ರಗಳಿವೆ. ಹೇಳಿದಂಗೆ ಚರ್ಮ ರಿಪೇರಿ ಮಾಡ್ತವೆ.”

“ಸದ್ಯ, ಈ ಮನೇಲಿ ಮಾತು ಕೇಳೋದು ಒಂದಾದ್ರೂ ಬಂತು,” ಎಂದು ಅವಳು ನನ್ನ ಕಡೆ ನೋಡಿದಳು.

ಷಡಕ್ಷರಿ ಜೆಲ್ಲು ಹಚ್ಚಿ, “ತುರಿಕೆ ನಿಲ್ಲು” ಎಂದ. ನಿಂತಿತು! ಅವಳ ಕಣ್ಣಲ್ಲಿ ನೀರು. ಸುಳ್ಳೇಕೆ, ನನಗೂ ಸಂತೋಷವಾಯಿತು.

ಅದು ಚಟ್ನಿ ರುಬ್ಬುವ ಹೊತ್ತಿನವರೆಗೆ. “ರೀ, ಕಾಯಿ ತುರಿ ಬೇಕು,” ಎಂದಳು ಸರ್ವಮಂಗಳ. ಜೆಲ್ಲು ಕೇಳಿಸಿಕೊಂಡಿತು. ತುರಿ ಬೇಕೇ? ತಗೋ! ಅಂಗೈಯಿಂದ ಮೊಣಕೈವರೆಗೆ ತುರಿಕೆಯೋ ತುರಿಕೆ. ತುರಿ ಎನ್ನದೆ ತಿಪಟೂರಿನಲ್ಲಿ ಅಡುಗೆ ಮಾಡಿದವರುಂಟೇ? ಉಳಿದಿದ್ದ ಒಬ್ಬ ಹಳೇ ಗಿರಾಕಿಯೂ, “ಪಲ್ಯಕ್ಕೆ ಇನ್ನೊಂಚೂರು ತುರಿ ಹಾಕಮ್ಮ,” ಎಂದ. ಪಲ್ಯದ ಬಕೆಟ್ಟು ಅವನ ತೊಡೆಯ ಮೇಲೆ ಬಿತ್ತು.

“ಹುಟ್ಟಿದೂರಿನ ಮಾತೂ ಗೊತ್ತಿಲ್ವೇನೋ ನಿಂಗೆ?” ಎಂದು ಷಡಕ್ಷರಿಯನ್ನು ಬೈದೆ.

“ಸಣ್ಣ ತಪ್ಪು ಭಾವ. ಅರ್ಥ ಬದಲಾಯಿಸಿದ್ರೆ ಆಯ್ತು.” ಅಕ್ಕನ ಅಂಗೈಗೆ ಬಾಯಿ ಹತ್ತಿರ ತಂದು, “ಈ ಮನೇಲಿ ತುರಿ ಅಂದ್ರೆ ಕಾಯಿ ತುರಿಯೋದು, ಅಷ್ಟೇ,” ಎಂದು ಪಾಠ ಹೇಳಿದ. ಗಣಪತಿ ಮಾಡು ಅಂದರೆ ಅವರಪ್ಪನ್ನ ಮಾಡುವ ಆಸಾಮಿ.

ಮರುದಿನ ಇಸುಬು ಮಾಯ. ಸರ್ವಮಂಗಳ ಖುಷಿಯಿಂದ ಒಲೆ ಹಚ್ಚಿ, “ರೀ, ಕಾಯಿ ತುರಿ,” ಎಂದಳು. ತಕ್ಷಣ ಅಂಗೈ ತುಂಬ ಸಣ್ಣ ಹಲ್ಲುಗಳೆದ್ದವು, ಥೇಟ್ ತುರಿಮಣೆ. ಕಾಯಿ ಹೋಳು ತಿಕ್ಕಿದಳು. ಮಲ್ಲಿಗೆಯಂಥ ತುರಿ ಉದುರಿತು; ಘಮಘಮ ಚಟ್ನಿಯಾಯಿತು.

ಪಾಪ, ಅವಳಿಗೆ ತಮ್ಮನೆಂದರೆ ಪ್ರಾಣ. “ನನ್ನ ಇಸುಬು ಹೋಯ್ತು ಕಣೋ,” ಎಂದು ಅಕ್ಕರೆಯಿಂದ ಅವನ ಎರಡೂ ಕೆನ್ನೆ ಸವರಿದಳು.

ಷಡಕ್ಷರಿ ಕಿರುಚಿದ ರಭಸಕ್ಕೆ ಎದುರು ಹೋಟೆಲಿನ ಗಿರಾಕಿಗಳೆಲ್ಲ ನಮ್ಮ ಬಾಗಿಲಿಗೆ ಓಡಿ ಬಂದರು. ಚಟ್ನಿಯ ವಾಸನೆಗೆ ಊಟಕ್ಕೂ ಕೂತರು.

ಕೆನ್ನೆಗೆ ಅವನ ಜೆಲ್ಲನ್ನೇ ಹಚ್ಚಲು ಹೋದೆ.

“ಬೇಡ ಭಾವ,” ಎಂದ ವಿಜ್ಞಾನಿ. “ಅರಿಶಿನ ಸಾಕು.”