ಕೆವಿನ್ನರ ಪ್ರೆಸ್ಸು ಮತ್ತು ಒಂದು ನಿಂಬೆಹಣ್ಣು

ಎರವಲು ತಂದ ವಸ್ತುವನ್ನು ನೋಡಿಕೊಳ್ಳುವಷ್ಟು ಜತನದಿಂದ ಮನುಷ್ಯ ತನ್ನ ಸ್ವಂತದ್ದನ್ನು ನೋಡಿಕೊಳ್ಳುವುದಿಲ್ಲ ಎಂಬುದು ನನ್ನ ಬಹುದಿನದ ಅಭಿಪ್ರಾಯ. ಪರದೇಶದ ಟಾರ್ನೀಟ್ ಎಂಬ ಬಡಾವಣೆಯಲ್ಲಿರುವ ನಮ್ಮ ಮನೆಯನ್ನೇ ನೋಡಿ. ಸ್ವಂತ ದುಡ್ಡಿನಲ್ಲಿ ಕೊಂಡ ಲಾನ್ ಮೋವರ್ ಎರಡು ವರ್ಷದಿಂದ ಹಿತ್ತಲಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದೆ. ನನ್ನ ಹೆಂಡತಿ ಸುಮಾಳ ಮಿಕ್ಸಿ ಜಾರಿನ ವಾಷರ್ ಹೋಗಿ ಚಟ್ನಿ ರುಬ್ಬಿದಾಗಲೆಲ್ಲ ಅಡುಗೆಕಟ್ಟೆಯ ಮೇಲೆ ಸಣ್ಣದೊಂದು ಕೆರೆ ಏಳುತ್ತದೆ. ಅದನ್ನು ಬದಲಾಯಿಸಲು ನನಗೆ ಪುರುಸೊತ್ತಿಲ್ಲ. ಆದರೆ ಗ್ಯಾರೇಜಿನ ಮೇಜಿಗೆ ನಾಲ್ಕು ಬೋಲ್ಟ್ ಹಾಕಿ ಕೂರಿಸಿದ್ದ ಕೆವಿನ್ನರ ಟರೆಟ್ ಪ್ರೆಸ್ಸನ್ನು ಮಾತ್ರ ಮೂರು ವರ್ಷ, ಪ್ರತಿ ಶನಿವಾರ, ಮಗುವಿಗೆ ಎಣ್ಣೆನೀರು ಹಾಕುವವನಂತೆ ಒರೆಸಿ ತಿಕ್ಕಿ ಇಟ್ಟುಕೊಂಡಿದ್ದೆ. ಇಷ್ಟು ಮಾಡಿಯೂ ನನಗೆ ಸಿಕ್ಕಿದ್ದು ಏನು ಎಂಬುದೇ ಈ ಬರಹದ ಸಂಕಟ.

ಟರೆಟ್ ಪ್ರೆಸ್ ಎಂದರೆ ಏನೆಂದು ತಿಳಿಯದವರು ಪುಣ್ಯವಂತರು. ಬಂದೂಕಿನಿಂದ ಒಮ್ಮೆ ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾವನ್ನು ಬಿಸಾಡದೆ, ಮತ್ತೆ ಮದ್ದು ತುಂಬಿ, ತಲೆಗೆ ಗುಂಡು ಕೂರಿಸಿ ಹೊಸದು ಮಾಡುವ ಕೈಯಂತ್ರ ಅದು. ಮೇಲೆ ತಿರುಗುವ ಒಂದು ತಲೆ, ಅದರಲ್ಲಿ ನಾಲ್ಕು ಅಚ್ಚು. ಕೆಳಗೆ ಏರಿ ಇಳಿಯುವ ಉಕ್ಕಿನ ಒಂದು ಕಂಬ, ಪಕ್ಕದಲ್ಲಿ ಅದನ್ನು ಎತ್ತುವ ಹಿಡಿಕೆ. ಗಾಬರಿಯಾಗಬೇಡಿ, ನನಗೆ ಲೈಸೆನ್ಸ್ ಇದೆ. ಗುರಿ ಹೊಡೆಯುವವರ ಕ್ಲಬ್ಬಿನ ಸದಸ್ಯ ನಾನು. ಇದುವರೆಗೆ ಕೊಂದದ್ದು ಕಾಗದವನ್ನು ಮಾತ್ರ, ಅದೂ ಬಹುತೇಕ ಅಂಚಿನಲ್ಲಿ. ಈರುಳ್ಳಿ ತಿನ್ನಲೂ ಹಿಂದೆಮುಂದೆ ನೋಡುವ ಮನೆತನದಲ್ಲಿ ಹುಟ್ಟಿದವನಿಗೆ ಈ ಹುಚ್ಚು ಹೇಗೆ ಹತ್ತಿತು ಎಂದು ಮೈಸೂರಿನಿಂದ ನನ್ನ ಅಕ್ಕ ಈಗಲೂ ಫೋನಿನಲ್ಲಿ ಕೇಳುತ್ತಾಳೆ. ಆಫೀಸಿನಲ್ಲಿ ದಿನವಿಡೀ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕುವವನಿಗೆ ವಾರಕ್ಕೊಮ್ಮೆ ಯಾವುದಾದರೂ ಒಂದಕ್ಕೆ ಗುರಿಯಿಟ್ಟು ಹೊಡೆಯಬೇಕೆನಿಸುವುದು ಸಹಜ ಎಂದು ನಾನು ಅವಳಿಗೆ ಹೇಳಿಲ್ಲ.

ಪ್ರೆಸ್ಸಿನ ಒಡೆಯರು ಕೆವಿನ್. ಕ್ಲಬ್ಬಿನಲ್ಲಿ ನನಗೆ ಗುರಿ ಹಿಡಿಯಲು ಕಲಿಸಿದವರು. ವಯಸ್ಸು ಎಪ್ಪತ್ತೆಂಟು. ಎದುರಿಗೆ ಬರೀ ಹೆಸರು ಹಿಡಿದು ಕರೆಯಬೇಕಾದ್ದು ಈ ದೇಶದ ಪದ್ಧತಿ, ಆದರೆ ಮನಸ್ಸಿನೊಳಗೆ ನಾನು ಬಹುವಚನವನ್ನು ಬಿಟ್ಟಿಲ್ಲ. ಅವರ ಕೈ ನಡುಗತೊಡಗಿದಾಗ ಪ್ರೆಸ್ಸನ್ನು ತಾವೇ ಕಾರಿನಲ್ಲಿ ತಂದು ನನ್ನ ಗ್ಯಾರೇಜಿನಲ್ಲಿ ಕೂರಿಸಿ, ಸುಮ್ಮನೆ ಬಿಟ್ಟರೆ ಯಂತ್ರ ಸತ್ತುಹೋಗುತ್ತೆ, ನಿನ್ನ ಹತ್ತಿರ ಓಡುತ್ತಿರಲಿ ಎಂದಿದ್ದರು. ಮೂರೇ ಮಾತು ಹೇಳಿಕೊಟ್ಟಿದ್ದರು. ಮಸಿ ಕೂರಲು ಬಿಡಬೇಡ, ಕಂಬಕ್ಕೆ ಎಣ್ಣೆ ಒಂದೇ ಹನಿ, ನೀರಂತೂ ಹತ್ತಿರವೂ ಬರಬಾರದು. ನಾನು ಅದನ್ನು ಮಂತ್ರದಂತೆ ಪಾಲಿಸಿದೆ. ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಯ ಮಸಿ ತೆಗೆದೆ, ಅಚ್ಚುಗಳನ್ನು ಬಿಚ್ಚಿ ಒರೆಸಿದೆ, ತಿರುಗುವ ತಲೆ ಕೂದಲೆಳೆಯಷ್ಟು ಅಲುಗಾಡಿದರೂ ಬಿಗಿ ಮಾಡಿದೆ. ಒಂದು ಶನಿವಾರ ಸುಮಾ ಬಾಗಿಲಲ್ಲಿ ನಿಂತು ನೋಡಿ, "ರೀ, ಆ ಬ್ರಷ್ ಹಿಡ್ಕೊಂಡು ಹಾಗೇ ಕಿಚನ್‌ಗೂ ಬನ್ನಿ, ನನ್ನ ಜಾರಿಗೂ ಸ್ವಲ್ಪ ಭಾಗ್ಯ ಬರ್ಲಿ" ಎಂದಳು. ಕಲೆಯನ್ನು ಅರಿಯದ ಜನರ ನಡುವೆ ಬದುಕುವುದು ಎಷ್ಟು ಕಷ್ಟ ಎಂದುಕೊಂಡು ಮುಂದಿನ ಅಚ್ಚಿಗೆ ಕೈ ಹಾಕಿದೆ.

ಕಳೆದ ವರ್ಷ ನವರಾತ್ರಿಯ ಹೊತ್ತಿಗೆ ಕೆವಿನ್ ಕ್ಲಬ್ಬಿನಲ್ಲಿ ಒಂದು ಸುದ್ದಿ ಹೇಳಿದರು. ಮನೆ ಮಾರಿ ಸಿಡ್ನಿಗೆ, ಮಾರ್ಸ್ಡನ್ ಪಾರ್ಕ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಾರಂತೆ. ಮೊಮ್ಮಗಳು ಕೂಡ ಈಗ ಶೂಟಿಂಗ್ ಶುರು ಮಾಡಿದ್ದಾಳಂತೆ. "ಮುಂದಿನ ವಾರ ಬಿಟ್ಟು ಅದರ ಮುಂದಿನ ಶನಿವಾರ ನಿಮ್ಮ ಮನೆಗೆ ಬರ್ತೀನಿ ಮೇಟ್, ಪ್ರೆಸ್ ವಿಷಯ ಮಾತಾಡೋಣ" ಎಂದರು. ಮೊಮ್ಮಗಳ ಮಾತು ಬಂದೊಡನೆ ಪ್ರೆಸ್ಸು ಅವಳ ಪಾಲಾಗುವುದು ಖಚಿತ ಎನ್ನಿಸಿತು. ಮೂರು ವರ್ಷ ಸೇವೆ ಮಾಡಿದವನು ನಾನು, ಕೊಂಡೊಯ್ಯುವವಳು ನಿನ್ನೆ ಮೊನ್ನೆ ಬಂದೂಕು ಹಿಡಿದ ಹುಡುಗಿ. ಅಂಥದೇ ಪ್ರೆಸ್ಸನ್ನು ಅಂಗಡಿಯಲ್ಲಿ ಕೊಳ್ಳಬಹುದಿತ್ತು, ಅದು ನನಗೂ ಗೊತ್ತು. ನನಗೆ ಬೇಕಿದ್ದದ್ದು ಕೆವಿನ್ನರ ಪ್ರೆಸ್ಸು. ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಇಲ್ಲೇ ಕಾಯಂ ಆಗಿ ಇರಲು ಪಿಆರ್ ಬಂತು, ಮನೆಸಾಲದ ಮಾರ್ಟ್‌ಗೇಜ್ ಬಂತು, ಆದರೆ ಇಲ್ಲಿಯವರೊಬ್ಬರು ನಂಬಿ ಕೈಗೆ ಕೊಟ್ಟದ್ದು ಅದೊಂದನ್ನೇ. ಅದು ನನ್ನಲ್ಲೇ ಉಳಿಯಬೇಕೆಂದು ಆಸೆಪಟ್ಟೆ. ಆಸೆಪಟ್ಟದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಸುಮಾ ಎಂದಿನಂತೆ ಕಾರು, ಲ್ಯಾಪ್‌ಟಾಪು, ಸೋರುವ ಮಿಕ್ಸಿ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ಪ್ರೆಸ್ಸಿನ ಹಿಡಿಕೆಗೂ ಒಂದು ಬೊಟ್ಟಿಟ್ಟಳು. ಅಲ್ಲಿಗೆ ಮುಗಿದಿದ್ದರೆ ಏನೂ ಆಗುತ್ತಿರಲಿಲ್ಲ. ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಜಜ್ಜಿದೆವು. ನಾಲ್ಕು ಚಕ್ರಕ್ಕೆ ನಾಲ್ಕು ಹಣ್ಣು, ತಟ್ಟೆಯಲ್ಲಿ ಐದನೆಯದು ಉಳಿದಿತ್ತು. ಆಗ ನನಗೆ ಹೊಳೆಯಿತು. ಕಾರಿಗೇ ದೃಷ್ಟಿ ತೆಗೆಯುವವರು, ಸಿಡ್ನಿಯ ಹುಡುಗಿಯ ಕಣ್ಣು ಬಿದ್ದಿರುವ ಪ್ರೆಸ್ಸಿಗೆ ತೆಗೆಯಬೇಡವೇ? ಆದರೆ ಪ್ರೆಸ್ಸಿಗೆ ಚಕ್ರವಿಲ್ಲ. ಹಣ್ಣಿಗೆ ಕುಂಕುಮ ಮೆತ್ತಿ, ತೋಟಾ ಕೂರಿಸುವ ಜಾಗದಲ್ಲಿ ಕಂಬದ ತುದಿಗೇ ಇಟ್ಟು, ದೇವಿಯನ್ನು ನೆನೆದು ಹಿಡಿಕೆ ಎಳೆದೆ. ಕಂಬ ಏರಿತು, ಹಣ್ಣು ಅಪ್ಪಚ್ಚಿಯಾಯಿತು, ರಸ ಕಂಬದುದ್ದಕ್ಕೂ ಇಳಿದು ಒಳಗೆ ಹೋಯಿತು. ಎಷ್ಟು ಸಲೀಸಾಗಿ ಓಡುತ್ತಿದೆ ನೋಡು ಎಂದು ಸುಮಾಳಿಗೆ ಹೆಮ್ಮೆಯಿಂದ ತೋರಿಸಿದೆ. ನಮ್ಮ ಮಗಳು ನಿಧಿ, "ಅಪ್ಪಾ, ಇಸಂಟ್ ದಟ್ ಆಸಿಡ್?" ಎಂದಳು. ದೊಡ್ಡವರು ಪೂಜೆ ಮಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಗದರಿದೆ.

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಅದೇನು ಮಹಾ, ಒಂದು ದಿನ ಎಂದುಕೊಂಡೆ. ಆದರೆ ವಿಜಯದಶಮಿಯ ಬೆಳಿಗ್ಗೆಯೇ ಆಫೀಸಿನವರು ನನ್ನನ್ನು ಸಿಡ್ನಿಗೆ ಅಟ್ಟಿದರು. ಎರಡು ದಿನದ ಕೆಲಸ ಒಂಬತ್ತು ದಿನಕ್ಕೆ ಎಳೆಯಿತು. ಇತ್ತ ಪ್ರೆಸ್ಸು ಕುಂಕುಮ ನಿಂಬೆರಸ ಹೊದ್ದು ಕೂತೇ ಇತ್ತು. ಮನೆಯಲ್ಲಿ ಇಬ್ಬರಿದ್ದರು. ಇಬ್ಬರಿಗೂ ಕೈಗಳಿದ್ದವು. ಗ್ಯಾರೇಜಿನಲ್ಲಿ ಹಳೆಯ ಪಂಚೆಯ ಚೂರು ಬೇಕಾದಷ್ಟಿದ್ದವು. ಒಬ್ಬರಿಗಾದರೂ ಅದನ್ನು ಒರೆಸಬೇಕೆಂದು ತೋಚಬೇಡವೇ? ಗಂಡಸು ದೂರದಲ್ಲಿ ದುಡಿಯುತ್ತಿರುವಾಗ ಮನೆಯಲ್ಲಿರುವವರು ಅವನ ಪ್ರೀತಿಯ ವಸ್ತುವನ್ನು ಹೀಗಾ ನೋಡಿಕೊಳ್ಳುವುದು?

ಶನಿವಾರ ಬೆಳಿಗ್ಗೆ ಏರ್‌ಪೋರ್ಟಿನಿಂದ ಮನೆಗೆ ಬಂದರೆ ಹೊರಗೆ ಕೆವಿನ್ನರ ಕಾರು ನಿಂತಿತ್ತು. ಹೇಳಿದ ದಿನಕ್ಕೆ, ಹೇಳಿದ ಹೊತ್ತಿಗೆ ಬಂದಿದ್ದರು. ನಾನು ಟ್ರಾಲಿ ಬ್ಯಾಗು ಎಳೆದುಕೊಂಡು ನೇರ ಗ್ಯಾರೇಜಿಗೆ ಹೋದೆ. ಕೆವಿನ್ ಪ್ರೆಸ್ಸಿನ ಮುಂದೆ ನಿಂತಿದ್ದರು. ಸುಮಾ ಕಾಫಿಯ ಲೋಟ ಹಿಡಿದು ಪಕ್ಕದಲ್ಲಿದ್ದಳು. ಕಂಬದ ಮೇಲೆ ಮೇಲಿಂದ ಕೆಳಗಿನವರೆಗೆ ಕಂದು ತುಕ್ಕಿನ ಗೆರೆಗಳು. ಒಣಗಿದ ನಿಂಬೆಸಿಪ್ಪೆ ಅಚ್ಚಿನ ಬಾಯಿಗೆ ಅಂಟಿಕೊಂಡಿತ್ತು. ಕೆವಿನ್ ಹಿಡಿಕೆ ಎಳೆದರು. ಅದು ಅರ್ಧಕ್ಕೆ ನಿಂತಿತು.

"ಇದೇನು ಮೇಟ್, ಲೆಮನ್ನಾ?" ಎಂದರು.

ನನ್ನ ಬಾಯಿಂದ ಆಗ ಬಂದ ಉತ್ತರವನ್ನು ನಾನು ಯೋಚಿಸಿ ಆಡಲಿಲ್ಲ. ಅದು ತಾನಾಗಿ ಬಂತು. ಮನೆಯಲ್ಲಿ ಪೂಜೆ ಇತ್ತು, ನನ್ನ ಹೆಂಡತಿಗೆ ಇಂಥದ್ದರಲ್ಲಿ ನಂಬಿಕೆ ಸ್ವಲ್ಪ ಜಾಸ್ತಿ, ನಾನು ಊರಲ್ಲಿರಲಿಲ್ಲ ಎಂದೆ. ಒಂದೊಂದೂ ಬಿಡಿಯಾಗಿ ನೋಡಿದರೆ ನಿಜವೇ. ಸುಮಾ ಲೋಟವನ್ನು ಮೇಜಿನ ಮೇಲಿಟ್ಟಳು. ಕೆವಿನ್ ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ತುಕ್ಕೇನೂ ದೊಡ್ಡದಲ್ಲ. ಉಜ್ಜಿದ್ರೆ ಹೋಗುತ್ತೆ" ಎಂದರು. ನಾನು ನಿಟ್ಟುಸಿರುಬಿಟ್ಟೆ. ಅವರು ಜೇಬಿನಿಂದ ಸ್ಪ್ಯಾನರ್ ತೆಗೆದು ಬೋಲ್ಟ್ ಬಿಚ್ಚತೊಡಗಿದರು. ಸ್ಪ್ಯಾನರ್ ಎರಡು ಸಲ ಜಾರಿತು. ನಾನು ಬಿಚ್ಚುತ್ತೇನೆ ಎಂದು ಮುಂದೆ ಹೋದರೆ, ಬೇಡ ಎಂದರು. ಟಾರ್ಚ್ ಹಿಡಿಯಲು ಸುಮಾಳನ್ನು ಕೇಳಿದರು. ಇಪ್ಪತ್ತು ನಿಮಿಷ ನಾನು ನನ್ನದೇ ಗ್ಯಾರೇಜಿನಲ್ಲಿ ಬ್ಯಾಗು ಹಿಡಿದು ನೆಂಟನ ಹಾಗೆ ನಿಂತಿದ್ದೆ. ಪ್ರೆಸ್ಸು ಕಾರಿನ ಡಿಕ್ಕಿ ಸೇರಿದ ಮೇಲೆ ಅವರು ನನ್ನ ಭುಜ ತಟ್ಟಿ, "ಇದನ್ನ ನೀನೇ ಇಟ್ಕೋ ಅಂತ ಹೇಳೋಕೆ ಬಂದಿದ್ದೆ. ಮೊಮ್ಮಗಳನ್ನೂ ಒಪ್ಪಿಸಿದ್ದೆ. ಇರಲಿ ಬಿಡು" ಎಂದು ಹೇಳಿ ಹೊರಟುಹೋದರು.

ಈ ವರ್ಷದ ಆಯುಧಪೂಜೆಯಲ್ಲಿ ಮೇಜಿನ ಮೇಲೆ ನಾಲ್ಕು ಬೋಲ್ಟಿನ ತೂತುಗಳಷ್ಟೇ ಇದ್ದವು. ಒಂದು ತಪ್ಪಿಗೆ ಮೂರು ವರ್ಷದ ಸೇವೆಯನ್ನು ಮರೆತ ಮುದುಕರ ಮೇಲೆ, ಒರೆಸಲು ಕೈ ಬಾರದ ಮನೆಯವರ ಮೇಲೆ ಇದ್ದ ಸಿಟ್ಟನ್ನೆಲ್ಲ ಸೇರಿಸಿ ಮೇಲಿನದನ್ನು ಬರೆದು ಮುಗಿಸಿದೆ. ಚೆನ್ನಾಗಿ ಬಂದಿದೆ ಎನ್ನಿಸಿ ಸುಮಾಳಿಗೆ ಓದಲು ಕೊಟ್ಟೆ. ಅವಳು ಚಟ್ನಿಯ ಕೆರೆಯನ್ನು ಒರೆಸುತ್ತಲೇ ಪೂರ್ತಿ ಓದಿದಳು.

"ಚೆನ್ನಾಗಿದೆ. ನೀವು ಸಿಡ್ನಿಗೆ ಹೋದ ಮಾರನೇ ದಿನ ನಾನು ಫೋನ್ ಮಾಡಿ, ರೀ, ನಿಂಬೆಹಣ್ಣು ಹಾಗೇ ಇದೆ, ಪ್ರೆಸ್ ಒರೆಸ್ಲಾ ಅಂತ ಕೇಳಿದ್ನಲ್ಲ. ಮುಟ್ಬೇಡ, ನಿಂಗೆ ಅದೆಲ್ಲ ಗೊತ್ತಾಗಲ್ಲ ಅಂದ್ರಲ್ಲ. ಅದು ಯಾವ ಪ್ಯಾರಾದಲ್ಲಿದೆ?" ಎಂದು ಕೇಳಿದಳು.

ಬರಹ ಉದ್ದವಾಯಿತು, ಜಾಗ ಸಾಲಲಿಲ್ಲ ಎಂದೆ.