ದೊರೆಯ ಮದ್ದು, ಎರಡು ಬಾಲ್ದಿ ಕೆಮ್ಮಣ್ಣು

ಸಂಶೋಧನೆ ಅಂದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ಹುಳುಗಳಾದರೂ ಒಂದು ಕ್ರಮದಲ್ಲಿ ನಡೆದಾವು, ಮನುಷ್ಯರು ನಡೆಯುವುದಿಲ್ಲ. ಇಲ್ಲಿ ನಾಗಪುರದಲ್ಲಿ ನನ್ನ ಮೊಮ್ಮಗಳು ಲ್ಯಾಬಿಗೆ ಸೇರಿದ ಮೂರನೇ ವಾರಕ್ಕೇ ಪ್ರಯೋಗ ಕೆಟ್ಟಿತೆಂದು ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಅವಳಿಗೆ ಹೇಳಿದ್ದನ್ನೇ ಬರೆದಿದ್ದೇನೆ.

ಬ್ರಿಟಿಷರ ಕಾಲ. ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ದೊರೆ, ಕಾಂಡ ಕೊರೆಯುವ ಹುಳಕ್ಕೆ ತಾನೇ ಒಂದು ಮದ್ದಿನ ಪುಡಿ ಮಾಡಿದ್ದ. ಅದನ್ನು ಪರೀಕ್ಷಿಸಲು ಒಬ್ಬ ಹಿರಿಯ ಅಸಿಸ್ಟೆಂಟರು, ಅವರ ಕೈಕೆಳಗೆ ಆಗಷ್ಟೇ ಕಾಲೇಜು ಮುಗಿಸಿದ ನಾನು. ಪ್ರಯೋಗ ಮುಗಿದ ಮೇಲೆ ಕೆಲಸ ಕಾಯಂ ಆಗುವುದು ದೊರೆಯ ಮರ್ಜಿ. ಇಲ್ಲವಾದರೆ ಮನೆಗೆ, ಅಲ್ಲಿ ವರ ನೋಡಿಟ್ಟು ಕಾಯುತ್ತಿದ್ದರು.

ರೈಟರ ಹುಳುಗಳು

ನಾನು ಬರುವ ಮೊದಲು ಹುಳ ಬಿದ್ದ ಗಿಡ ಎಣಿಸುತ್ತಿದ್ದವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಅವರ ಪುಸ್ತಕದಲ್ಲಿ ಯಾವ ಸಾಲು ನೋಡಿದರೂ ಐದು, ಐದು, ಆರು, ಐದು. ತೋಟಕ್ಕೆ ಹೋಗಿ ನೋಡಿದೆ. ಏಳನೇ ಸಾಲನ್ನು ಗಾಡಿ ದಾರಿಗೆಂದು ಕಿತ್ತು ತಿಂಗಳಾಗಿತ್ತು. ಪುಸ್ತಕದಲ್ಲಿ ಹೋದ ವಾರವೂ ಅದರ ಮುಂದೆ ಐದು.

"ರೈಟರೇ, ಆ ಸಾಲೇ ಇಲ್ಲವಲ್ಲ?"

ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಹುಳಕ್ಕೆ ಯಾರೂ ತಿಳಿಸಲಿಲ್ಲ ಅಂತ ಕಾಣ್ತದೆ."

ಅವತ್ತೇ ಅಸಿಸ್ಟೆಂಟರು ನನ್ನ ರಬ್ಬರು ಕಿತ್ತುಕೊಂಡರು. "ಗಿಡದ ಮುಂದೆ ನಿಂತು ಬರಿ. ತಪ್ಪಾದರೆ ಗೀಟು ಹಾಕು, ಅಳಿಸಬೇಡ. ನಾಳೆ ನಾನೂ ಆ ತಪ್ಪು ಓದಬೇಕು."

ಪಾಪದ ಗಿಡಗಳು

ಅರ್ಧ ಸಾಲುಗಳಿಗೆ ಮದ್ದು ಹಚ್ಚುವುದು, ಉಳಿದರ್ಧ ಹಾಗೇ ಬಿಡುವುದು, ಕೊನೆಗೆ ಎರಡನ್ನೂ ಹೋಲಿಸುವುದು ನಮ್ಮ ಯೋಜನೆ. ಮದ್ದನ್ನು ಕೆಮ್ಮಣ್ಣಿನಲ್ಲಿ ಕಲಸಿ ಹಚ್ಚುತ್ತಿದ್ದವರು ಎಸ್ಟೇಟಿನ ಕೂಲಿ ಲೈನಿನ ಹೆಂಗಸರು. ಒಂದು ದಿನ ಹೋಗಿ ನೋಡುತ್ತೇನೆ, ಎಲ್ಲ ಸಾಲೂ ಕೆಂಪು. ಹೋಲಿಸಲು ಒಂದು ಗಿಡವೂ ಉಳಿದಿಲ್ಲ.

"ಅಲ್ಲ ಅಮ್ಮ," ಅಂದಳು ಅವರಲ್ಲಿ ಹಿರಿಯವಳು, "ಅವು ಹಬ್ಬದ ದಿವಸ ಹೊಸ ಬಟ್ಟೆ ಇಲ್ಲದ ಮಕ್ಕಳ ಹಾಗೆ ನಿಂತಿದ್ದವು. ಮದ್ದು ಮಿಕ್ಕಿತ್ತು, ಹಚ್ಚಿದೆವು."

ನಾನು ಅಲ್ಲೇ ಕೂತು ಅತ್ತೆ. ಅವಳು ಬೆನ್ನು ಸವರಿದಳು. "ಅಳಬೇಡಿ. ನಾಳೆ ಪಕ್ಕದ ತೋಟಕ್ಕೂ ಹಚ್ಚಿಕೊಡ್ತೇವೆ."

ದೊರೆಯ ಬೆರಳು

ಅಸಿಸ್ಟೆಂಟರು ಬಯ್ಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಪುಸ್ತಕದಲ್ಲಿ ಬರೆಸಿ, ಹೊಸ ಸಾಲುಗಳಲ್ಲಿ ಮೊದಲಿನಿಂದ ಶುರು ಮಾಡಿಸಿದರು. ಈ ಸಲ ಎರಡು ಬಾಲ್ದಿ, ಎರಡರಲ್ಲೂ ಕೆಮ್ಮಣ್ಣು. ಮದ್ದು ಒಂದರಲ್ಲಿ ಮಾತ್ರ. ಎಲ್ಲ ಗಿಡಕ್ಕೂ ಹೊಸ ಬಟ್ಟೆ ಸಿಕ್ಕಿತು, ಹೆಂಗಸರಿಗೆ ಸಮಾಧಾನ. ಯಾವ ಸಾಲಿಗೆ ಯಾವುದು ಎಂಬ ಚೀಟಿ ಮಾತ್ರ ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿ. ನನಗೂ ಗೊತ್ತಿಲ್ಲ.

ಒಂದು ವರ್ಷ ಎಣಿಸಿದ್ದಾಯಿತು. ಲಕೋಟೆ ಒಡೆಸಲು ದೊರೆ ಬರುವ ಹಿಂದಿನ ದಿನ ರೈಟರು ಮೆಲ್ಲಗೆ ಅಂದರು: "ಲಕೋಟೆ ಬಿಡಿಸಿ ನೋಡಿ ಅಮ್ಮ, ಲೆಕ್ಕ ದೊರೆಗೆ ಒಪ್ಪುವ ಹಾಗೆ ಮಾಡಿಕೊಳ್ಳಿ. ಕೆಲಸ ಉಳೀತದೆ." ನನಗೆ ಊಟ ಸೇರಲಿಲ್ಲ. ಅಸಿಸ್ಟೆಂಟರಿಗೆ ಹೇಳಿದೆ.

"ಕಂಡದ್ದನ್ನೇ ಬರೆದಿದ್ದೀಯಾ?"

"ಹೌದು ಸಾರ್."

"ಹಾಗಾದರೆ ದೊರೆಗೆ ಉತ್ತರ ಹೇಳುವುದು ನನ್ನ ಕೆಲಸ. ನೀನು ಉಣ್ಣು."

ದೊರೆ ಅಕ್ಕಪಕ್ಕದ ಪ್ಲಾಂಟರುಗಳನ್ನೆಲ್ಲ ಕರೆದುಕೊಂಡೇ ಬಂದ. ಹಸಿರಾಗಿ ನಿಂತ ಸಾಲೊಂದಕ್ಕೆ ಬೆರಳು ತೋರಿಸಿ, "ಚೀಟಿ ಯಾಕೆ ಬೇಕು? ಇದು ನನ್ನ ಮದ್ದು. ಪಕ್ಕದ್ದು ಬರೀ ಮಣ್ಣು, ಒಣಗಿಹೋಗಿದೆ" ಅಂದ. ಎಲ್ಲರೂ ತಲೆದೂಗಿದರು.

ಅಸಿಸ್ಟೆಂಟರು ಲಕೋಟೆ ಒಡೆದು ಚೀಟಿ ನನ್ನ ಕೈಗೆ ಕೊಟ್ಟರು. ಓದಿದೆ. ಹಸಿರು ಸಾಲು, ಬರೀ ಮಣ್ಣು. ಒಣಗಿದ್ದು, ದೊರೆಯ ಮದ್ದು. ಉಳಿದ ಸಾಲುಗಳದ್ದೂ ಅದೇ ಕಥೆ. ಹುಳುಗಳು ಮದ್ದನ್ನು ಉಪ್ಪಿನಕಾಯಿಯ ಹಾಗೆ ನಂಚಿಕೊಂಡಿದ್ದವು.

ಹಿಂದಿದ್ದ ಒಬ್ಬ ಪ್ಲಾಂಟರ್ ಮುಂದೆ ಬಂದು, "ಆ ಮಣ್ಣು ಎಲ್ಲಿ ಸಿಗ್ತದೆ?" ಅಂತ ಕೇಳಿದ.

ದೊರೆ ನನ್ನ ಪುಸ್ತಕ ತೆಗೆದುಕೊಂಡು, ಗೀಟು ಹಾಕಿದ ಅಂಕಿಗಳನ್ನೂ ಬಿಡದೆ ಪುಟ ಪುಟ ಓದಿದ. ಕೊನೆಗೆ ಪುಸ್ತಕ ಮುಚ್ಚಿ ಅಸಿಸ್ಟೆಂಟರ ಕಡೆ ತಿರುಗಿದ.

"ಈ ಹುಡುಗಿಯನ್ನು ಇವತ್ತೇ ಕಾಯಂ ಮಾಡಿ. ಇಲ್ಲಿಯವರು ಕೇಳಿದ್ದಾಯಿತು, ದೂರದ ಎಸ್ಟೇಟಿಗೆ ಹೋದರೆ ಅಲ್ಲೂ ಇದನ್ನೇ ಓದಿ ಹೇಳ್ತಾಳೆ."