ಸೋಡಿಯಂ ತೊಡಿಸಿದ ಒಂಟಿ ಓಲೆ

ಮಾನ್ಯರೇ,

ಜಿಲ್ಲಾ ಶಿಕ್ಷಣ ಕಚೇರಿಯ ಮುಖ್ಯ ನಿರೀಕ್ಷಕರೂ, ಔತಣದಲ್ಲಿ ಅತಿ ದೊಡ್ಡ ಅತಿಥಿಗೇ ಸಲ್ಲುವ ಬೇಯಿಸಿದ ಕುರಿಯ ತಲೆಯನ್ನು ಯಾರ ಮುಂದಿಡಬೇಕೆಂಬ ಗೊಂದಲವನ್ನು ತಾವು ಬಂದು ಕೂತ ಮಾತ್ರಕ್ಕೇ ಪರಿಹರಿಸುವವರೂ ಆದ ಶ್ರೀಯುತ ಮುಕಂಬೆತ್ ಬೈಕೆ ಅವರಿಗೆ, ನರಿನ್ ಕಣಿವೆಯ ಅಕ್-ಜಾರ್ ಹಳ್ಳಿಯ ರಸಾಯನಶಾಸ್ತ್ರ ಶಿಕ್ಷಕಿ ಸಬೀರಾ ಸಲ್ಲಿಸುವ ಸಲಾಮುಗಳು. ತಮ್ಮ ಮನೆಮಂದಿ, ಕುರಿಮಂದೆ, ಕುದುರೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಕ್ಲೋರಿನ್ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ.

ರಸಾಯನಶಾಸ್ತ್ರವನ್ನು ಇನ್ನು ಮುಂದೆ ನಾಟಕ ಮತ್ತು ಕಲೆಯ ಮೂಲಕವೇ ಕಲಿಸತಕ್ಕದ್ದು ಎಂಬ ತಮ್ಮ ಸುತ್ತೋಲೆ ಬಂದ ದಿನ ನಾನು ಬೆರಗಾದೆ. ಇಪ್ಪತ್ತಾರು ವರ್ಷ ಪ್ರಯೋಗಶಾಲೆಗೆ ಒಂದು ಬಾಟಲಿ ಆಮ್ಲ ಕೇಳಿ ಕೇಳಿ ನನ್ನ ನಾಲಿಗೆ ಸವೆದಿತ್ತು. ಆಮ್ಲವೇ ಬೇಡದ ರಸಾಯನಶಾಸ್ತ್ರವನ್ನು ಕಂಡುಹಿಡಿದ ಕಚೇರಿ ಭೂಮಿಯ ಮೇಲೆ ಇನ್ನೆಲ್ಲಿದೆ! ಹುಡುಗಿಯರು ಉಣ್ಣೆಗಂಬಳಿಯ ಮೇಲೆ ಮೂಲವಸ್ತುಗಳ ಪಟ್ಟಿಯನ್ನು ಹೊಲಿದರು, ಅಜ್ಜಿಯರು ಬಂದು ಅಂಚಿಗೆ ಟಗರುಕೊಂಬಿನ ಚಿತ್ತಾರ ಹಾಕಿಕೊಟ್ಟರು. ಆ ಕಂಬಳಿ ಈಗ ತಮ್ಮ ಕಚೇರಿಯ ನೆಲದಲ್ಲಿದೆ ಎಂದೂ, ತಮ್ಮ ಬೂಟುಗಳು ದಿನವೂ ಚಿನ್ನದ ಚೌಕದ ಮೇಲೆ ವಿಶ್ರಮಿಸುತ್ತವೆ ಎಂದೂ ಕೇಳಿ ಸಂತೋಷವಾಯಿತು.

ನನ್ನ ದುಃಖವೇನೆಂದರೆ, ತಮ್ಮ ಸುತ್ತೋಲೆ ನಿಜಕ್ಕೂ ಫಲ ಕೊಟ್ಟಿತು. ಕೊನೆಯ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿದ್ದವರು ಎಲೆಕ್ಟ್ರಾನುಗಳಿಗಾಗಿ ಜಗಳವಾಡತೊಡಗಿದರು. ಶಾಲೆಯ ಕೊನೆಯದಾದ ಹನ್ನೊಂದನೆಯ ತರಗತಿಯ ಬುರುಲಾಯ್, ಅಜ್ಜಿ ತೊಕ್ತೊಬೂಬು ಒಬ್ಬರೇ ಸಾಕಿದ ಹುಡುಗಿ, ಹಸಿರು-ಹಳದಿ ಉಡುಪು ತೊಟ್ಟು ಕ್ಲೋರಿನ್ ಆದಳು. ರಾಜಧಾನಿಗೆ ಹೋಗಿ ರಸಾಯನಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಳು. ಅವಳ ಸಹಪಾಠಿ ಎಲ್ದಿಯಾರ್ ಸೋಡಿಯಂ. ತನ್ನ ಹೊರಸುತ್ತಿನ ಒಂಟಿ ಎಲೆಕ್ಟ್ರಾನನ್ನು ಅವನು ಅವಳಿಗೆ ಕೊಡಬೇಕು, ಇಬ್ಬರೂ ಸೇರಿ ಉಪ್ಪಾಗಬೇಕು, ಇಷ್ಟೇ ಕಥೆ. ಎಲೆಕ್ಟ್ರಾನ್ ಎಂದರೆ ಒಂದು ಉಣ್ಣೆಯ ಉಂಡೆ.

ಎರಡು ತಿಂಗಳ ಹಿಂದೆ, ನಾಟಕದ ದಿನ, ಮುಖ್ಯ ಅತಿಥಿಗಳಾದ ತಾವು ಮುಂದಿನ ಸಾಲಿನಲ್ಲಿ, ಊಟದ ನಂತರದ ಧ್ಯಾನದಲ್ಲಿದ್ದಿರಿ. ಆಗಲೇ ಉಣ್ಣೆಯ ಉಂಡೆ ಕಾಣೆಯಾಯಿತು. ಸೋಡಿಯಂ ಬರಿಗೈಯಲ್ಲಿ ಬೆವರುತ್ತಾ ನಿಂತ. ಮಗನ ಮಾನ ಹೋಗುವುದನ್ನು ನೋಡಲಾರದೆ ತಾಯಿ ಕೆನ್ಜೆಕಾನ್, "ಅಯ್ಯೋ, ಏನೋ ಹಾಗೆ ಮರದ ತುಂಡಿನ ಥರ ನಿಂತಿದ್ದೀಯ! ತಗೋಳೇ ಹುಡುಗಿ, ಇದೇ ನಿನ್ನ ಎಲೆಕ್ಟ್ರಾನು" ಎನ್ನುತ್ತಾ ವೇದಿಕೆ ಹತ್ತಿ, ತಮ್ಮದೇ ಕಿವಿಯ ಬೆಳ್ಳಿ ಓಲೆಯೊಂದನ್ನು ಬಿಚ್ಚಿ ಬುರುಲಾಯ್‌ಳ ಕಿವಿಗೆ ಹಾಕಿಬಿಟ್ಟರು.

ಹುಡುಗನ ತಾಯಿ ಹುಡುಗಿಗೆ ಓಲೆ ಹಾಕಿದರೆ ನಮ್ಮಲ್ಲಿ ಮದುವೆ ನಿಶ್ಚಯವಾದಂತೆಯೇ ಎಂದು ತೊಟ್ಟಿಲ ಕೂಸಿಗೂ ಗೊತ್ತು. ಆದರೂ ಎಲ್ಲರೂ ನಕ್ಕು, ನಾಟಕವೆಂದು ಮರೆತುಬಿಡುತ್ತಿದ್ದರು. ಅಷ್ಟರಲ್ಲಿ ತಾವು ಎಚ್ಚರಗೊಂಡಿರಿ. ಓಲೆ ಕಂಡಿರಿ, ಕೂಡಲೇ ಎದ್ದು ನಿಂತು ಎರಡೂ ಅಂಗೈಗಳನ್ನೆತ್ತಿ, "ಹಟ್ಟಿ ತುಂಬ ಕುರಿ ಇರಲಿ, ಮನೆ ತುಂಬ ಮಕ್ಕಳಿರಲಿ, ಜೋಡಿ ಮುದಿಯಾಗೋವರೆಗೂ ಜೊತೆಗಿರಲಿ!" ಎಂದು ಹರಸಿದಿರಿ. ಹಿರಿಯರು ಹರಸಿದಾಗ ಮುಖ ಸವರಿಕೊಳ್ಳದೆ ಇರಲಾದೀತೇ? ಇಡೀ ಊರು ಅಂಗೈಗಳಿಂದ ಮುಖ ಸವರಿಕೊಂಡು, ಹಾಗೇ ಆಗಲಿ ಎಂಬಂತೆ "ಓಮಿನ್" ಎಂದಿತು. ದೇವರೇ, ಅಭ್ಯಾಸಬಲದಿಂದ ನಾನೂ ಅಂದೆ.

ಮರುದಿನ ಹುಡುಗಿಯ ಅಜ್ಜಿಯ ಮನೆಗೆ ಓಡಿದೆ. "ಅಜ್ಜೀ, ಒಂದೇ ಓಲೆ ಅಲ್ವಾ? ಸೋಡಿಯಂ ಹತ್ರ ಕೊಡೋಕೆ ಇರೋದೇ ಒಂದು" ಎಂದೆ. ತೊಕ್ತೊಬೂಬು ಚಹಾ ಬಗ್ಗಿಸುತ್ತಾ, "ಓಲೆ ಹಾಕಿದ್ದು ತಾಯಿ, ಹರಸಿದ್ದು ದೊಡ್ಡವರು, ಓಮಿನ್ ಅಂದಿದ್ದು ಊರು. ಇನ್ನೊಂದು ಓಲೆ ಮದುವೆ ದಿನ ಬರತ್ತೆ ಬಿಡು ಮಗಳೇ. ಗೊತ್ತಾದ ಹುಡುಗಿ ಪಟ್ಟಣಕ್ಕೆ ವಿಷ ಕುದಿಸೋಕೆ ಹೋಗ್ತಾಳಾ?" ಎಂದರು. ಬುರುಲಾಯ್‌ಳ ಅಂಕಪಟ್ಟಿ, ಗುರುತಿನ ಚೀಟಿ ಎಲ್ಲವೂ ಸಂದೂಕದೊಳಗೆ ಹೋದವು, ಬೀಗದ ಕೈ ಅಜ್ಜಿಯ ಸೊಂಟಕ್ಕೆ ಹೋಯಿತು. ಕಾಲೇಜಿಗೆ ಅರ್ಜಿ ಹಾಕಲು ಬರುವ ಸೋಮವಾರ ಕೊನೆಯ ದಿನ. ಇತ್ತ ವರಮಹಾಶಯ ಎಲ್ದಿಯಾರ್ ಸ್ವಂತ ಅಕ್ಕನನ್ನು ಕರೆದಂತೆ ಕರೆಯುತ್ತಾ ನನ್ನ ಮುಂದೆ ಬಂದು ಗೋಳಾಡಿದ: "ಏಜೆ, ಇವಳು ಈಗ್ಲೇ ನನ್ನ ಸಮೀಕರಣ ಎಲ್ಲ ತಿದ್ದುತ್ತಾಳೆ. ಮದುವೆ ಆದ್ರೆ ನಾನು ಉಸಿರಾಡೋದನ್ನೂ ತಿದ್ದುತ್ತಾಳೆ!"

ತಮಗೆ ಮೂರು ಅರ್ಜಿ ಬರೆದೆ. ಮೊದಲನೆಯದಕ್ಕೆ, ಆಶೀರ್ವಾದ ಹಿಂಪಡೆಯಲು ನಿಗದಿತ ನಮೂನೆ ಇಲ್ಲವೆಂದು ಉತ್ತರ ಬಂತು. ಎರಡನೆಯದಕ್ಕೆ ಪ್ರಶಂಸಾಪತ್ರ ಬಂತು. ಮೂರನೆಯದಕ್ಕೆ ತಾವೇ ಫೋನು ಮಾಡಿ, "ಹುಡುಗಿಗೆ ಒಂದು ಮನೆ ಸಿಕ್ತಲ್ಲಮ್ಮಾ, ಖುಷಿಪಡಿ" ಎಂದಿರಿ. ಖುಷಿಪಡಲು ಶಕ್ತಿಮೀರಿ ಪ್ರಯತ್ನಿಸಿದೆ, ಆಗಲಿಲ್ಲ. ನನ್ನ ಇಪ್ಪತ್ತಾರು ವರ್ಷಗಳಲ್ಲಿ ಇಂಥ ವಿದ್ಯಾರ್ಥಿನಿ ಇವಳೊಬ್ಬಳೇ, ಸ್ವಾಮಿ.

ಅತ್ತದ್ದು ನಾನೇ ಹೊರತು ಅವಳಲ್ಲ. ಅವಳು ನನ್ನನ್ನೇ ಗದರಿದಳು: "ಉಪ್ಪನ್ನ ನೀರಿಗೆ ಹಾಕಿದ್ರೆ ಕರಗತ್ತೆ ಅಷ್ಟೇ ಏಜೆ, ಎಲೆಕ್ಟ್ರಾನ್ ವಾಪಸ್ ಹೋಗಲ್ಲ. ನೀವೇ ಹೇಳ್ಕೊಟ್ಟಿದ್ದಲ್ವಾ? ಅಳಬೇಡಿ. ಕರೆಂಟ್ ಬೇಕು." ಅಂದೇ ಕೂತು ನಾಟಕದ ಎರಡನೆಯ ಅಂಕ ಬರೆದಳು. ಕಾಯಿಸಿ ಕರಗಿಸಿದ ಉಪ್ಪಿಗೆ ವಿದ್ಯುತ್ತು ಹರಿಯುತ್ತದೆ, ಕ್ಲೋರಿನ್ ಓಲೆಯನ್ನು ಹಿಂದಿರುಗಿಸುತ್ತಾಳೆ, ಸೋಡಿಯಂ ಬದುಕಿದೆಯಾ ಬಡಜೀವವೇ ಎಂದು ಮನೆಗೆ ಹೋಗುತ್ತಾನೆ. ಕೆನ್ಜೆಕಾನ್ ಒಪ್ಪಿದ್ದಾರೆ, ಒಂಟಿ ಓಲೆಯಲ್ಲಿ ಓಡಾಡಿ ಅವರಿಗೂ ಸಾಕಾಗಿದೆ. ತೊಕ್ತೊಬೂಬು ಅಜ್ಜಿಯದು ಒಂದೇ ಮಾತು: "ಹರಸಿದವರೇ ಬಂದು ಬಿಡಿಸಲಿ, ನಾನೇ ಬೀಗ ತೆಗೀತೀನಿ."

ಆದ್ದರಿಂದ ಮಾನ್ಯರೇ, ಶುಕ್ರವಾರ ಮೂರು ಗಂಟೆಗೆ ತಾವು ದಯಮಾಡಿಸಿ ವಿದ್ಯುತ್ತಿನ ಪಾತ್ರವನ್ನು ವಹಿಸಬೇಕು. ಹೆಚ್ಚು ಮಾತಿಲ್ಲ. ಅಂಗೈ ಎತ್ತಿ "ಇಬ್ಬರ ದಾರಿಯೂ ಬೇರೆ, ಇಬ್ಬರಿಗೂ ಒಳ್ಳೆಯದಾಗಲಿ" ಎಂದರಾಯಿತು. ನಮ್ಮ ಹಳ್ಳಿಗೆ ವಿದ್ಯುತ್ತು ಬರುವುದು ಅಪರೂಪವೆಂದು ಬಲ್ಲೆ, ಆದರೂ ಆಸೆ.

ತಮ್ಮ ಸುತ್ತೋಲೆಗಳಲ್ಲಿ ಇನ್ನೂ ನಂಬಿಕೆ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಸಬೀರಾ

ಮರೆತಿದ್ದೆ: ತಮ್ಮ ಸುತ್ತೋಲೆಯಂತೆ ಮುಂದಿನ ವರ್ಷ ನಮ್ಮ ಶಾಲೆಯೂ ತಮ್ಮ ಮಗಳು ಓದುವ ಪಟ್ಟಣದ ಶಾಲೆಯೂ ಸೇರಿಯೇ ನಾಟಕವಾಡಬೇಕು. ಕ್ಲೋರಿನ್ ಪಾತ್ರಕ್ಕೆ ತಮ್ಮ ಮಗಳ ಹೆಸರನ್ನೇ ಬರೆದುಕೊಂಡಿದ್ದೇನೆ. ಕೆನ್ಜೆಕಾನ್ ಅವರಿಗೆ ಕುರಿ ಕಾಯುವ ಇನ್ನೊಬ್ಬ ಮಗನಿದ್ದಾನೆ, ಇನ್ನೊಂದು ಕಿವಿಯಲ್ಲಿ ಇನ್ನೊಂದು ಓಲೆಯೂ ಇದೆ. ಹರಸಲು ಹಿರಿಯರನ್ನು ಹುಡುಕಬೇಕಾಗಿಲ್ಲ. ಈ ಎರಡು ತಿಂಗಳಲ್ಲಿ ನನ್ನ ತಲೆಯೂ ಸಾಕಷ್ಟು ನರೆತಿದೆ.